ಕಾಯುವ ಗಾಡಿ

ಇಗುವಾಲಾದಿಂದ ತಾಸ್ಕೋ ಬೆಟ್ಟಕ್ಕೆ ಹತ್ತುವ ಹಳೆಯ ರಸ್ತೆಯಲ್ಲಿ ಒಂದು ಕಾಡತ್ತಿ ಮರದ ತಿರುವಿದೆ. ಪ್ರತಿ ಶನಿವಾರ ಅಲ್ಲಿಗೆ ಬಂದೊಡನೆ ಅಬುಂದಿಯೋ ತನ್ನ ಹಸಿರು ವೋಚೋವನ್ನು ನೆರಳಿಗೆ ತಂದು ನಿಲ್ಲಿಸುತ್ತಿದ್ದ. "ಎಂಜಿನ್ ಕಾದಿದೆ ಕಣೇ ಮುದುಕಿ, ಸ್ವಲ್ಪ ಇಳಿ." ಆಮೆಬೆನ್ನಿನ ಆ ಪುಟ್ಟ ಕಾರಿಗೆ ಎಂಜಿನ್ ಇರುವುದು ಹಿಂಬದಿಯಲ್ಲಿ. ಅದರ ಮುಚ್ಚಳ ಎತ್ತಿ, ತಲೆಯ ಹುಲ್ಲಿನ ಟೋಪಿ ತೆಗೆದು, ಜ್ವರ ಬಂದ ಮಗುವಿಗೆ ಬೀಸುವ ಹಾಗೆ ಗಾಳಿ ಬೀಸುತ್ತ ನಿಲ್ಲುತ್ತಿದ್ದ. ಹೆಂಡತಿ ಕಸಿಲ್ದಾ ಮರದ ಬೇರಿನ ಮೇಲೆ ಕೂತು, ನಿಂಬೆ ಹಿಂಡಿದ ನೀರು ಕುಡಿಯುತ್ತ, ಗಾಡಿಯ ಜಾತಕವನ್ನೆಲ್ಲ ಜಾಲಾಡುತ್ತಿದ್ದಳು.

ಬೈಗುಳವೆಲ್ಲ ಹೊರಗಿನದು. ಒಳಗೊಳಗೇ ಆಕೆ ಮಾತೆ ಮರಿಯಳಿಗೆ ಕೈಮುಗಿಯುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಆಕೆಗೂ ತಲೆ ಸುತ್ತಿ ಹೊಟ್ಟೆ ತೊಳಸುತ್ತಿತ್ತು. ಆದರೆ ಕಸಿಲ್ದಾ ಹೇಸರಗತ್ತೆ ಹೊಡೆಯುವವರ ಮನೆಮಗಳು. ಅವಳ ಅಪ್ಪ, ಅಜ್ಜ ಅದೇ ಕಣಿವೆಯ ಅಂಚಿನಲ್ಲಿ ಸಿಳ್ಳೆ ಹಾಕುತ್ತ ನಡೆದವರು. ಅಂಥವಳು ತಿರುವು ಕಂಡರೆ ಹೆದರಿಕೆ ಎಂದು ಬಾಯಿಬಿಡುವುದುಂಟೆ? ಕಾದ ಆಯಿಲ್ ವಾಸನೆ ತಲೆಗೇರುತ್ತದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಒಮ್ಮೆ ಮಾತ್ರ, ಮದುವೆಯಾದ ಹೊಸತರಲ್ಲಿ, ಕೇಳಿದ್ದಳು. "ಬಿಸಿ ತೋರಿಸೋ ಮುಳ್ಳೇ ಇಲ್ವಲ್ಲ ಈ ಗಾಡೀಲಿ. ಕಾದಿದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದಿದ್ದ ಅಬುಂದಿಯೋ. ಗಾಡಿಗೂ ಮುಖ ನೋಡುವ ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಆಕೆ ನಕ್ಕಿದ್ದಳು.

ಈಚೆಗೆ, ತಡವಾಗಿ ಹೋದದ್ದಕ್ಕೆ, ತಾಸ್ಕೋ ಸಂತೆಯಲ್ಲಿ ಆಕೆ ಹುಣಸೆ ಮಿಠಾಯಿ ಮಾರುವ ಜಾಗ ಬೇರೊಬ್ಬಳ ಪಾಲಾಯಿತು. ಅಲ್ಲಿಗೆ ಸಹನೆಯ ಕಟ್ಟೆ ಒಡೆಯಿತು. ಗಾಡಿಗೆ ಆಯಿಲ್ ತಣಿಸುವ ಕೂಲರ್ ಹಾಕಿಸುವುದು, ಆಮೇಲೂ ದಾರಿಯಲ್ಲಿ ನಿಂತರೆ ಮೈದುನನಿಗೆ ಮಾರಿಬಿಡುವುದು ಎಂದು ತೀರ್ಪು ಕೊಟ್ಟಳು. ಮೈದುನ ಆಗಲೇ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದ. ಅಬುಂದಿಯೋ ಮಾತ್ರ, "ಬಿಡು, ಅದಕ್ಕೂ ವಯಸ್ಸಾಯ್ತು, ನಮ್ಮ ಹಾಗೆ," ಎಂದು ಟೋಪಿಯನ್ನು ಮುಖದ ಮೇಲೆಳೆದು ಮಲಗಿಬಿಟ್ಟ. ಅವನು ಕಂಪಾದ್ರೆ ಎಂದು ಕರೆಯುವ ಆಪ್ತ ಗೆಳೆಯನ ಮನೆಗೆ ತಾರಸಿ ಹಾಕುವ ಕೆಲಸಕ್ಕೆ ಹೋದ ದಿನ, ಕಸಿಲ್ದಾ ಬೀದಿಯ ತುದಿಯ ಗ್ಯಾರೇಜಿನ ರುತಿಲಿಯೋನನ್ನು ಕರೆದು ಬೀಗದ ಕೈ ಕೊಟ್ಟಳು.

ಗ್ಯಾರೇಜೆಂದರೆ ಹುಣಸೆ ಮರಗಳ ಕೆಳಗಿನ ಒಂದು ತಗಡಿನ ಮಾಡು. ಮಧ್ಯಾಹ್ನದ ಬಿಸಿಲಿಗೆ ಊರೇ ತೂಕಡಿಸುತ್ತಿತ್ತು. ಕಸಿಲ್ದಾ ಹೊಸ ಕೂಲರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುಣಸೆಯ ಸಣ್ಣ ಎಲೆಗಳು ಒಂದೊಂದಾಗಿ ಅದರ ಮೇಲೆ ಉದುರಿದವು. ರುತಿಲಿಯೋ ಆಯಿಲ್ ಇಳಿಯಬಿಟ್ಟ. ಕಪ್ಪಗೆ, ಸದ್ದಿಲ್ಲದೆ, ನೂಲಿನಂತೆ ಇಳಿಯುವ ಅದನ್ನೇ ನೋಡುತ್ತಿದ್ದರೆ ಕಣ್ಣು ತಾನಾಗಿ ಮುಚ್ಚಿ ಬರುತ್ತಿತ್ತು. ಆತ ಜಾಕ್ ಕೊಟ್ಟು ಗಾಡಿಯಡಿಗೆ ನುಸುಳಿದ್ದು ಆಕೆಗೆ ನಿದ್ದೆಗಣ್ಣಿನಲ್ಲೇ ತಿಳಿಯಿತು.

"ದೋನ್ಯಾ ಕಸಿಲ್ದಾ, ಆ ಡಬ್ಬ ಯಾಕೆ ತಂದ್ರಿ? ಇಲ್ಲಿ ಆಗ್ಲೇ ಒಂದು ಕೂಲರ್ ಇದೆ."

"ನಿಂಗೆ ಬಿಸಿಲು ಹತ್ತಿದೆ."

"ಬನ್ನಿ, ಬಗ್ಗಿ ನೋಡಿ. ಗೇರ್ ಬಾಕ್ಸಿನ ಮೇಲೆ. ಪೈಪು ಉಜ್ಜದ ಹಾಗೆ ಚರ್ಮದ ಚೂರು ಸುತ್ತಿರೋದು ಕಾಣ್ತಾ? ಅದು ನಮ್ಮಪ್ಪನ ಕೈಕೆಲಸ. ಅಪ್ಪ ಹೋಗಿ ಎಷ್ಟು ಕಾಲವಾಯ್ತು ಲೆಕ್ಕ ಹಾಕಿ."

"ಹಾಗಾದ್ರೆ ಗಾಡಿ ಯಾಕೆ ಕಾಯುತ್ತೆ?"

"ಕೂಲರ್ ಇದ್ಮೇಲೆ ಆ ಏರಿಗೆಲ್ಲ ಗಾಡಿ ಕಾಯಲ್ಲ."

"ಪ್ರತಿ ಸಲ ನಿಲ್ಲುತ್ತಲ್ಲಪ್ಪ."

ರುತಿಲಿಯೋ ಹೊರಬಂದು ಕೈ ಒರೆಸಿಕೊಂಡ. "ನಿಲ್ಲುತ್ತೋ? ನಿಲ್ಲಿಸ್ತಾರೋ?"

ಕಸಿಲ್ದಾ ಡಬ್ಬದ ಮೇಲಿನ ಎಲೆಗಳನ್ನು ಕೊಡವಿದಳು. ಅರ್ಧ ಎಚ್ಚರ ಅರ್ಧ ಕನಸಿನಲ್ಲಿ ಎಲ್ಲ ಶನಿವಾರಗಳೂ ಒಂದೇ ಶನಿವಾರವಾಗಿ ಕಣ್ಣೆದುರು ತೇಲಿದವು. ಗಾಡಿ ನಿಜವಾಗಿ ಕಾಯುತ್ತಿದ್ದುದು ಮೊದಮೊದಲಷ್ಟೇ. ಆಮೇಲೆ ಅಷ್ಟು ವರ್ಷವೂ ಕಾದದ್ದು ಗಾಡಿಯಲ್ಲ, ಅದರ ಪಕ್ಕದಲ್ಲಿ ಟೋಪಿ ಬೀಸುತ್ತ ನಿಂತ ಮನುಷ್ಯ. ತಣ್ಣಗಿದ್ದ ಎಂಜಿನ್ನಿಗೆ ಗಾಳಿ ಹಾಕುತ್ತ, ಸೋಮಾರಿ, ದಂಡಪಿಂಡ ಎಂದೆಲ್ಲ ಗಾಡಿಗೆ ಬಿದ್ದ ಬೈಗುಳವನ್ನು ಕೇಳುತ್ತ, ಒಂದು ಸಲವೂ ಗುಟ್ಟು ಬಿಡದೆ ನಿಂತಿದ್ದ. ಮುಖ ನೋಡಿದ್ರೆ ಗೊತ್ತಾಗುತ್ತೆ ಎಂದಿದ್ದನಲ್ಲ. ಆಕೆಗೆ ನಾಚಿಕೆಯಾಯಿತು, ಅಳು ಬಂತು, ಆ ಮುದುಕನ ಮೇಲೆ ಸಿಟ್ಟೂ ಬಂತು.

"ಹಳೇ ಪೈಪುಗಳು ಬಿರುಕು ಬಿಟ್ಟಿವೆ," ಎಂದ ರುತಿಲಿಯೋ. "ಒಂದಿನ ದಾರೀಲಿ ಆಯಿಲ್ ಎಲ್ಲ ಚೆಲ್ಲಿ ಎಂಜಿನ್ ಜಾಮ್ ಆಗುತ್ತೆ. ಏನು ಮಾಡ್ಲಿ?"

"ಹೊಸದನ್ನೇ ಹಾಕು. ಹಳೇದು ಇದ್ದ ಜಾಗದಲ್ಲೇ. ಚರ್ಮದ ಚೂರು ಮಾತ್ರ ಬಿಸಾಕಬೇಡ, ಅದನ್ನೇ ಸುತ್ತು. ಆಮೇಲೆ ಒಂದಿಷ್ಟು ಧೂಳು ಬಳಿ. ಅವನಿಗೆ ಗೊತ್ತಾಗಬಾರದು."

ಆತ ಹೊಸ ಪೈಪುಗಳನ್ನು ಅಳೆದು ಕತ್ತರಿಸಿದ. ಒಂದು ಬಿಸಿ ಆಯಿಲನ್ನು ಕೂಲರಿಗೆ ಒಯ್ಯಲು, ಇನ್ನೊಂದು ತಣಿದದ್ದನ್ನು ಎಂಜಿನ್ನಿಗೆ ಮರಳಿ ತರಲು. ಎಲ್ಲೂ ಮಡಚದಂತೆ ದೊಡ್ಡ ಬಾಗು ಕೊಟ್ಟು, ಒಳಗೆ ಮೊದಲೇ ಆಯಿಲ್ ತುಂಬಿ, ಕ್ಲಿಪ್ಪು ಬಿಗಿದ. ಕಸಿಲ್ದಾ ಕೆಳಗೆ ಕೂತು ಟಾರ್ಚು ಹಿಡಿದಳು. ಎಂಜಿನ್ ಶುರುವಾದಾಗ ಡ್ಯಾಶಿನ ಕೆಂಪು ದೀಪ ಸ್ವಲ್ಪ ಹೊತ್ತು ಉರಿದು, ಆಯಿಲ್ ಎಲ್ಲ ಕಡೆ ಸುತ್ತಿ ಬಂದ ಮೇಲೆ ಆರಿತು. ಪೈಪಿನ ಮೇಲೆ ಕೈಯಿಟ್ಟಳು. ಅದು ಮೆಲ್ಲಗೆ ಬೆಚ್ಚಗಾಗುತ್ತಿತ್ತು.

ಶನಿವಾರ ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಏರಿತು. ಕಾದ ವಾಸನೆ ಎಳ್ಳಷ್ಟೂ ಇರಲಿಲ್ಲ. ಆದರೂ ಕಾಡತ್ತಿ ಹತ್ತಿರವಾಗುತ್ತಿದ್ದಂತೆ ಆಕೆಯ ಹೊಟ್ಟೆ ತೊಳಸತೊಡಗಿತು. ಅಬುಂದಿಯೋ ಓರೆಗಣ್ಣಿನಲ್ಲಿ ಒಮ್ಮೆ ನೋಡಿದ. ಗಾಡಿ ನೆರಳಿಗೆ ಸರಿಯಿತು.

"ಎಂಜಿನ್ ಕಾದಿದೆ ಕಣೇ ಮುದುಕಿ, ಸ್ವಲ್ಪ ಇಳಿ."

ಆಕೆ ಇಳಿದು ಬೇರಿನ ಮೇಲೆ ಕೂತಳು. ಅವನು ಮುಚ್ಚಳ ಎತ್ತಿ ಟೋಪಿ ಬೀಸಿದ. ತುಸು ಹೊತ್ತಾದ ಮೇಲೆ, "ಯಾಕೆ, ಇವತ್ತು ಗಾಡಿಗೆ ಮಂಗಳಾರತಿ ಇಲ್ವಾ?" ಎಂದ.

"ಇಲ್ಲ. ನಿನ್ನ ತಮ್ಮನಿಗೆ ಹೇಳು, ಗಾಡಿ ಕೊಡಲ್ಲ ಅಂತ."

"ದಾರೀಲಿ ನಿಂತರೆ ಮಾರ್ತೀನಿ ಅಂದಿದ್ದೆ."

"ಅಂದಿದ್ದೆ." ಕಸಿಲ್ದಾ ನೀರು ಗುಟುಕರಿಸಿದಳು. ಕಣಿವೆಯ ಕಡೆ ನೋಡಲಿಲ್ಲ. "ಮುದುಕ, ನಂಗೆ ತಿರುವು ಕಂಡ್ರೆ ಭಯ. ತಲೆ ಸುತ್ತುತ್ತೆ. ಮೊದಲಿಂದಾನೂ."

ಅಬುಂದಿಯೋ ಎಂಜಿನ್ನಿನ ಮುಚ್ಚಳ ಮುಚ್ಚಿದ, ಆಕೆಯ ಪಕ್ಕದಲ್ಲಿ ಬಂದು ಕೂತ, ಮತ್ತು ಟೋಪಿಯನ್ನು ಆಕೆಯ ಕಡೆ ತಿರುಗಿಸಿ ಗಾಳಿ ಬೀಸತೊಡಗಿದ.