ಹನಿ ಬಿದ್ದ ತಕ್ಷಣ

ನಮ್ಮ ಪ್ರಯೋಗಾಲಯಕ್ಕೆ ಕಿಟಕಿ ಇಲ್ಲ. ಇರುವುದೊಂದು ಬಾಗಿಲು, ಅದರ ಪಕ್ಕದಲ್ಲೇ ನಮ್ಮ ಗೈಡ್ ಮಹಾಶಯರ ಮೇಜು. ಅವರ ಸಹಿ ಬೀಳದೆ ಇಲ್ಲಿಂದ ಯಾರೂ ಡಾಕ್ಟರೇಟ್ ಹಿಡಿದು ಹೊರಗೆ ಹೋಗಿಲ್ಲ. ನನ್ನ ಜೊತೆ ಓದಿದವರು ಮಕ್ಕಳನ್ನು ಶಾಲೆಗೆ ಸೇರಿಸಿದ್ದಾಯಿತು. ನಾನಿನ್ನೂ ಪಾಚಿ ನೋಡುತ್ತಾ ಕೂತಿದ್ದೇನೆ.

ಪಾಚಿಯ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಕೊಳದ ತಳದಲ್ಲಿ ಬೆಳೆಯುವ ಈ ಜಾತಿಯಲ್ಲಿ ಒಂದೊಂದು ಜೀವಕೋಶವೂ ಬೆರಳುದ್ದ. ಅದರೊಳಗೆ ಮಯೋಸಿನ್ ಎಂಬ ಪ್ರೋಟೀನು ಹಮಾಲಿ ಕೆಲಸ ಮಾಡುತ್ತದೆ. ಸಣ್ಣ ಎಳೆಗಳ ಮೇಲೆ ಹೆಜ್ಜೆಯಿಡುತ್ತಾ ಒಳಗಿನ ಸರಕನ್ನೆಲ್ಲ ಎಳೆದೊಯ್ಯುತ್ತದೆ. ಹಾಗಾಗಿ ರಸ ಒಂದು ಗೋಡೆಯಗುಂಟ ಮೇಲೆ ಹೋಗಿ ಇನ್ನೊಂದರಗುಂಟ ಕೆಳಗೆ ಬರುತ್ತದೆ. ಎಷ್ಟು ಓಡಿದರೂ ಅದೇ ಕೋಶದೊಳಗೆ. ನಮ್ಮಿಬ್ಬರದೂ ಒಂದೇ ಹಣೆಬರಹ.

ಸರ್ ಕಂಡುಹಿಡಿದ ಔಷಧ ಹಾಕಿದರೆ ಮಯೋಸಿನ್ ನಿಂತುಬಿಡುತ್ತದೆ ಎನ್ನುವುದು ಅವರ ಹೆಸರುವಾಸಿ ಸಂಶೋಧನೆ. ಇಲ್ಲಿಯ ಪದ್ಧತಿ ಸರಳ: ಔಷಧದ ಹನಿ ಬಿಡು, ಹರಿವು ನಿಂತ ತಕ್ಷಣ ಫೋಟೋ ಒತ್ತು, ಕೋಶ ಬಿಸಾಕು. ಮೊನ್ನೆ ನಾನು ಮರೆತು ಸಾದಾ ನೀರಿನ ಹನಿ ಬಿಟ್ಟೆ. ಅಯ್ಯೋ ದೇವರೇ, ಆಗಲೂ ನಿಂತಿತು! ಬಿಸಾಕದೆ ಕಾದೆ. ಸ್ವಲ್ಪ ಹೊತ್ತಿಗೆ ಮತ್ತೆ ಹರಿಯತೊಡಗಿತು. ಔಷಧ ಹಾಕಿ ಕಾದರೂ ಅದೇ ಕಥೆ. ಕೋಶ ನಿಲ್ಲುತ್ತಿದ್ದದ್ದು ಔಷಧಕ್ಕಲ್ಲ, ಹನಿ ಮೇಲಿಂದ ಬಿದ್ದ ಪೆಟ್ಟಿಗೆ. ಬೆಚ್ಚಿ ನಿಲ್ಲುತ್ತದೆ, ಸುಧಾರಿಸಿಕೊಂಡು ಹೊರಡುತ್ತದೆ.

ಹೇಳಿದರೆ ನನ್ನ ಪ್ರಬಂಧ ನೆಗೆದುಬಿತ್ತು, ಹೇಳದಿದ್ದರೆ ಸುಳ್ಳಿಗೆ ನನ್ನ ಹೆಸರು. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಳಿಗ್ಗೆ ಅಮ್ಮ ಬೇರೆ ಫೋನಿನಲ್ಲಿ, "ಅದೇನೋ ಕೊನೇ ಫೋಟೋ ಅಂದ್ಯಲ್ಲ, ಮುಗಿಸ್ಕೊಂಡು ಬಂದ್ಬಿಡೇ, ಸಾಕು," ಎಂದಳು.

ಆ ಫೋಟೋಕ್ಕೆಂದು ಕೂತಾಗ ಸರ್ ಪಕ್ಕದಲ್ಲೇ ಬಂದು ನಿಂತರು. ಹನಿ ಬಿಟ್ಟೆ. ಹರಿವು ನಿಂತಿತು.

"ಒತ್ತಮ್ಮ, ಏನ್ ಮುಹೂರ್ತ ನೋಡ್ತಿದೀಯ?"

"ಸ್ವಲ್ಪ ಇರಿ ಸರ್. ಮತ್ತೆ ಹರಿಯುತ್ತೆ. ಬರೀ ನೀರು ಹಾಕಿದ್ರೂ ನಿಲ್ಲುತ್ತೆ. ಬೇಕಾದ್ರೆ ನೀವೇ ನೋಡಿ."

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಬಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಹರಿವು ಶುರುವಾಗುವ ತನಕ ನೋಡಿದರು. ತಲೆ ಎತ್ತಿದಾಗ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಂಗೊತ್ತಿಲ್ಲ ಅನ್ಕೊಂಡ್ಯಾ?" ಎಂದರು ಮೆಲ್ಲಗೆ. "ನಿನಗಿಂತ ಮುಂಚೆ ಇಲ್ಲಿದ್ದೋರೆಲ್ಲ ಇದೇ ಫೋಟೋ ತೋರ್ಸಿ ಕೆಲಸ ಹಿಡಿದಿದಾರೆ. ಸುಳ್ಳು ಅಂತ ಈಗ ಬಾಯಿಬಿಟ್ರೆ ಅಷ್ಟೂ ಜನ ಮುಳುಗ್ತಾರೆ, ನೀನೂ ಸೇರಿ. ಯಾರ ಹತ್ರ ಹೋಗಿ ಹೇಳ್ಲಿ, ನೀನೇ ಹೇಳು."

ಎದ್ದು ಹೋಗಬೇಕಿತ್ತು. ಎಲ್ಲಿಗೆ?

"ಬೇರೆ ಕೋಶ ತಗೋ. ಈ ಸಲ ಬೇಗ ಒತ್ತು."

ಇನ್ನೊಂದನ್ನು ತೆಗೆದುಕೊಂಡೆ. ಹನಿ ಬಿಟ್ಟೆ. ನಿಂತಿತು. ಒತ್ತಿದೆ.

ಸರ್ ಅಲ್ಲೇ ನನ್ನ ಪ್ರಬಂಧದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಕಾಗದ ನನ್ನ ಕೈಗೆ ಕೊಡುತ್ತಾ, "ನಾಳೆ ಹೊಸ ಹುಡುಗಿ ಒಬ್ಳು ಸೇರ್ಕೋತಾಳೆ," ಎಂದರು. "ಹೋಗೋಕ್ ಮುಂಚೆ, ಹನಿ ಬಿಡೋದು ಹೇಗೆ ಅಂತ ನೀನೇ ಹೇಳ್ಕೊಡು."

"ಹೂಂ ಸರ್," ಎಂದಿತು ನನ್ನ ಬಾಯಿ. ಅದಕ್ಕಿಷ್ಟು ಮಣ್ಣು ಹಾಕ!