ಕಿಂಡಿಯ ಈಚೆ ಕೂತವರು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹೆಂಗಸರು ಸಂಜೆ ಅಲ್ಲೇ ಮೈ ತೊಳೆದುಕೊಂಡು ಮನೆಗೆ ಹೊರಡುತ್ತಾರೆ. ತೊಳೆಯದಿದ್ದರೆ ಚರ್ಮವೆಲ್ಲ ಉರಿ. ಆದರೆ ಸೊಸೆ ಕೆಲವು ದಿನಗಳಿಂದ ಮೊಣಕೈವರೆಗೆ ನೀಲಿ ಮೆತ್ತಿಕೊಂಡೇ ಬರುತ್ತಿದ್ದಳು. ಅತ್ತೆ ಗಮನಿಸಿದ್ದಳು, ಕೇಳಿರಲಿಲ್ಲ.

ಒಂದು ರಜೆಯ ದಿನ ಮನೆಮಂದಿಯೆಲ್ಲ ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದರು. ಪಕ್ಕದ ಮನೆಯ ನರ್ಸಕ್ಕನೂ ಬಂದು ಕೂತಿದ್ದಳು. ಸಿನಿಮಾದಲ್ಲಿ ಒಬ್ಬ ಗೋಡೆಯ ಕಿಂಡಿಯಿಂದ ಪಕ್ಕದ ಮನೆಯವಳನ್ನು ಕದ್ದು ನೋಡುತ್ತಾನೆ. ಚಿಕ್ಕಂದಿನಲ್ಲಿ ಅವನಿಗೆ ತಾಯಿಯ ಪ್ರೀತಿ ಸಿಕ್ಕಿರಲಿಲ್ಲವಂತೆ.

“ಪಾಪ ಕಣೇ,” ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಸೊಸೆ ಎದ್ದು ಟಿವಿ ಆರಿಸಿಬಿಟ್ಟಳು.

“ತಲೆಗಿಲೆ ಕೆಟ್ಟಿದೆಯಾ?” ಎಂದು ಗಂಡ ರೇಗಿದ.

“ಕಾರ್ಖಾನೆ ಬಚ್ಚಲ ಗೋಡೇಲೂ ಇಂಥದ್ದೇ ಕಿಂಡಿ ಇದೆ. ಉಗ್ರಾಣದವನು ಅಲ್ಲಿಂದ ಫೋನ್ ಹಿಡಿದು ವೀಡಿಯೊ ತೆಗೀತಾನೆ. ಅದಕ್ಕೇ ನಾನು ಅಲ್ಲಿ ತೊಳ್ಕೊಳ್ಳೋದೇ ಬಿಟ್ಟಿದೀನಿ.”

ಅತ್ತೆ, “ಒಂದು ಚಿಂದಿ ತುರುಕಿದ್ರೆ ಆಯ್ತಮ್ಮ. ಊರ ಬಾಯಿಗೆ ಬೀಳೋದು ಬೇಡ,” ಎಂದಳು.

“ದಿನಾ ತುರುಕ್ತೀವಿ ಅತ್ತೆ, ಎಲ್ಲರೂ. ಮಾರನೇ ದಿನ ಅದು ನೆಲದ ಮೇಲೆ ಬಿದ್ದಿರುತ್ತೆ. ಯಾರೂ ಬಾಯಿ ಬಿಡಲ್ಲ. ನೂಲು ಸುತ್ತೋ ಹುಡುಗಿ ಕೆಲಸ ಬಿಟ್ಟಳಲ್ಲ, ಇದಕ್ಕೇನೇ. ಅವಳ ವೀಡಿಯೊ ಊರೆಲ್ಲ ಓಡಾಡ್ತು.”

ಆ ಹುಡುಗಿಯ ನಡತೆ ಸರಿಯಿಲ್ಲವೆಂದು ಅತ್ತೆಯೂ ಬಾಯಿ ಸೇರಿಸಿದ್ದಳು. ಈಗ ಮಗನ ಕಡೆ ನೋಡಿದಳು. ಮಗ ತಲೆ ಎತ್ತಲಿಲ್ಲ.

“ನಿನಗೂ ಬಂದಿತ್ತೇನೋ?”

“ಬಂದಿತ್ತಮ್ಮ. ಗೆಳೆಯರಿಗೂ ಕಳಿಸ್ದೆ. ಯಾರೋ ಏನೋ ಅಂತ...”

ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ನರ್ಸಕ್ಕ ಮೆಲ್ಲಗೆ ಕೇಳಿದಳು: “ದೊಡ್ಡಮ್ಮ, ಸಿನಿಮಾದವನ ಕಷ್ಟ ಎಲ್ಲ ತಿಳೀತಲ್ಲ. ಅವನು ಕದ್ದು ನೋಡ್ತಿದ್ದನಲ್ಲ, ಅವಳು ಏನು ಕೆಲಸ ಮಾಡ್ತಾಳೆ? ಮನೇಲಿ ಯಾರಿದ್ದಾರೆ?”

ಒದ್ದೆ ಕೂದಲು, ಬೆನ್ನು ಬಿಟ್ಟರೆ ಅತ್ತೆಗೆ ಏನೂ ನೆನಪಾಗಲಿಲ್ಲ. “ಅದನ್ನ ತೋರಿಸಲೇ ಇಲ್ಲವಲ್ಲೇ.”

“ತೋರಿಸಿದ್ದೆಲ್ಲ ಅವನ ಕಣ್ಣಿಂದ. ನಾವೂ ಅವನ ಮಗ್ಗುಲಲ್ಲೇ ಕೂತು ನೋಡಿದ್ವಿ, ಅವನಿಗೇ ಮರುಗಿದ್ವಿ. ಕದ್ದು ನೋಡೋದೂ ಅಪರಾಧ, ಚಿತ್ರ ತೆಗೆಯೋದೂ ಅಪರಾಧ, ಅದನ್ನ ಇನ್ನೊಬ್ಬರಿಗೆ ಕಳಿಸೋದೂ ಅಪರಾಧ. ಇನ್ನು ಚಿಂದಿ ತುರುಕಬೇಡಿ. ಆ ಬಚ್ಚಲಿಗೆ ಯಾರೂ ಹೋಗಬೇಡಿ. ಗೋಡೆ ಇದ್ದ ಹಾಗೇ ಇರಲಿ, ಪೊಲೀಸರು ಬಂದು ನೋಡಲಿ.”

“ನನ್ನ ಮಗನ ಹೆಸರೂ ಬರುತ್ತಲ್ಲೇ?”

“ಬರುತ್ತೆ ದೊಡ್ಡಮ್ಮ.”

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಆಮೇಲೆ ಮಗನಿಗೆ, “ಏಳು. ಫೋನು ತಗೋ. ಯಾರು ಕಳಿಸಿದ್ರು, ನೀನು ಯಾರಿಗೆ ಕಳಿಸ್ದೆ, ಎಲ್ಲ ನೀನೇ ಹೇಳು,” ಎಂದಳು.

ಅಂದೇ ದೂರು ಕೊಟ್ಟರು. ಪೊಲೀಸರು ಕಿತ್ತುಕೊಂಡ ಉಗ್ರಾಣದವನ ಫೋನಿನಲ್ಲಿ ಕಾರ್ಖಾನೆಯ ಎಷ್ಟೋ ಹೆಂಗಸರಿದ್ದರು. ಅತ್ತೆ ನೂಲು ಸುತ್ತುವ ಹುಡುಗಿಯ ಮನೆಗೂ ಹೋದಳು. ಬಾಗಿಲಿಗೆ ಬೀಗ. ಎಲ್ಲಿಗೆ ಹೋದರೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಇದನ್ನು ಓದಿದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಇಂಥ ವೀಡಿಯೊ ನಿಮ್ಮ ಫೋನಿಗೆ ಬಂದರೆ ಯಾರಿಗೂ ಕಳಿಸಬೇಡಿ; ಎಲ್ಲಿಂದ ಬಂತೆಂದು ಪೊಲೀಸರಿಗೆ ತಿಳಿಸಿ. ನೊಂದವಳು ನಿಮ್ಮ ಹತ್ತಿರ ಬಂದು ಹೇಳಿಕೊಂಡರೆ, “ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?” ಎನ್ನಬೇಡಿ. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಡಿ.