ಎಡಗಿವಿಯ ಮೇಲಿನ ಜಡೆ

ನಮ್ಮ ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಒರೆಸಿ ಜೋಪಾನ ಮಾಡಿದ ಅಮೃತಶಿಲೆಯ ತಲೆಯನ್ನು ಗುರುವಾರ ರೋಮಿನ ದೊಡ್ಡ ಮ್ಯೂಸಿಯಮ್ಮಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಅದು ಪ್ರಾಚೀನ ರೋಮಿನ ಸಾಮ್ರಾಜ್ಞಿ ಫೌಸ್ಟೀನಳದೆಂದು ಪ್ರೊಫೆಸರ್ ಸಾಂಟುಚ್ಚಿ ಕಂಡುಹಿಡಿದಿದ್ದರು. ಆಧಾರವೆಂದರೆ ಹಳೆಯ ನಾಣ್ಯದಲ್ಲಿ ಕಾಣುವ ಅವಳ ಜಡೆ. ರಾಣಿಯಾದವಳು ನಮ್ಮಂಥ ಊರಿನಲ್ಲಿ ಇರಬಾರದಂತೆ. ಆ ಸಂಜೆ ಅವಳನ್ನು ಎರಡೆರಡು ಸಲ ಒರೆಸಿದೆ.

ಬುಧವಾರ ಅವಳನ್ನು ಬೀಳ್ಕೊಡಲು ಗೆಳತಿ ನೀವೆಸ್ ಬಂದಳು. ಚೌಕದಲ್ಲಿ ಹೆಂಗಸರ ಪಾರ್ಲರ್ ನಡೆಸುವವಳು. ಪ್ರೊಫೆಸರರೂ ಅಲ್ಲೇ ಕಾಗದಪತ್ರ ನೋಡುತ್ತ ಕೂತಿದ್ದರು.

"ಲೇ ಅಸ್ಸುಂತ, ಇವಳು ರಾಣಿನಾ? ರಾಣಿ ಥರ ಜಡೆ ಕಟ್ಟಿಸ್ಕೊಂಡೋರು ಆಗ ಗಲ್ಲಿಗೊಬ್ಬಳು ಇದ್ದಿರ್ಬೇಕು ಕಣೇ. ಟಿವಿಯಲ್ಲಿ ಯಾರೋ ಕೂದಲು ಕತ್ತರಿಸ್ಕೊಂಡ್ರೆ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತೆ," ಎನ್ನುತ್ತ ತಲೆಯ ಹಿಂದಕ್ಕೆ ಹೋದವಳು ಬಗ್ಗಿ ನೋಡಿದಳು. ಬಲಗಡೆ ಜಡೆ ಕಿವಿಗಿಂತ ಮೇಲೆ ಹಾದಿತ್ತು. ಎಡಗಡೆ ಮಾತ್ರ ಅದನ್ನು ಕೆಳಕ್ಕೆಳೆದು ಕಿವಿಯ ಹಿಂಭಾಗ ಮುಚ್ಚಿದ್ದರು.

"ಪ್ರೊಫೆಸರೇ, ಫೌಸ್ಟೀನಳ ಬೇರೆ ತಲೆಗಳೂ ಹೀಗೇ ಇವೆಯಾ?" ಎಂದು ನೀವೆಸ್ ಕೇಳಿದಳು.

ಅವರು ಚಿತ್ರಗಳನ್ನು ತಿರುವಿದರು. ಎಲ್ಲವೂ ಒಂದೇ ಮಾದರಿ ನೋಡಿ ಕೆತ್ತಿದವು, ಎರಡೂ ಕಡೆ ಸಮ.

"ಶಿಲ್ಪಿ ಕೈ ತಪ್ಪಿರಬೇಕು ಬಿಡಮ್ಮ."

"ತಪ್ಪಿಲ್ಲ. ಅಲ್ಲಿ ಕೂದಲಿಲ್ಲ, ಅದಕ್ಕೇ ಮುಚ್ಚಿದಾರೆ. ನನ್ನ ಗಿರಾಕಿ ಒಬ್ರಿಗೆ ಪ್ರತಿ ಶನಿವಾರ ಹೀಗೇ ಕಟ್ತೀನಿ."

"ಯಾರಿಗೆ?"

"ಅದೊಂದು ಕೇಳ್ಬೇಡಿ."

"ಬರೀ ಬಾಯಿಮಾತಿಗೆ ರೋಮಿನವರು ಬಗ್ಗಲ್ಲ," ಎಂದು ಅವರು ನಕ್ಕರು.

ಹನ್ನೊಂದು ವರ್ಷ ನೀವೆಸ್ ಆ ಗುಟ್ಟನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಆಗಲೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನೇ ನನ್ನ ಜಡೆಯ ಪಿನ್ನು ಕಿತ್ತೆ. ಜಡೆ ಜಾರಿತು. ಎಡಗಿವಿಯ ಹಿಂದೆ ಎರಡು ಯೂರೋ ನಾಣ್ಯದಗಲ ಇದ್ದ ಬೋಳನ್ನು ಪ್ರೊಫೆಸರರಿಗೆ ತೋರಿಸಿದೆ. ನಾಚಿಕೆಯಿಂದ ಮುಖ ಕೆಂಪಾಗಿತ್ತು, ಆದರೂ ತೋರಿಸಿದೆ.

ಅವರು ನನ್ನ ತಲೆಯನ್ನೂ ಕಲ್ಲಿನ ತಲೆಯನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ರೋಮಿಗೆ ಫೋನು ಮಾಡಿ, "ರಾಣಿಯಲ್ಲ. ರಾಣಿಯ ಥರ ಜಡೆ ಹಾಕಿ ತನ್ನ ಬೋಳು ಮುಚ್ಚಿಕೊಂಡ ಯಾರೋ ಊರಿನ ಹೆಂಗಸು. ನಾನೇ ತಪ್ಪಿದೆ," ಎಂದರು. ದೊಡ್ಡ ಮನಸ್ಸಿನವರು, ಅವರಿಗೂ ನಾನು ಋಣಿ.

ಈಗ ಅವಳು ಕಿಟಕಿಯ ಪಕ್ಕದ ತನ್ನ ಜಾಗದಲ್ಲೇ ಇದ್ದಾಳೆ. ಕೆಳಗಿನ ಫಲಕದಲ್ಲಿ "ಹೆಸರು ತಿಳಿಯದ ಹೆಂಗಸು" ಎಂದಷ್ಟೇ ಇದೆ.

ಅವತ್ತು ನೀವೆಸ್ ಅಲ್ಲೇ ನನ್ನನ್ನು ಕೂರಿಸಿ ಜಡೆಯನ್ನು ಮತ್ತೆ ಕಟ್ಟಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ, "ನೀನಿಲ್ದಿದ್ರೆ ನಾನು ಹೊರಗೆ ಬರ್ತಾನೇ ಇರ್ಲಿಲ್ಲ ಕಣೇ," ಎಂದೆ.

"ತಲೆ ಅಲ್ಲಾಡಿಸ್ಬೇಡ," ಎಂದಳು. ಪಿನ್ನನ್ನು ಮಾತ್ರ ಎರಡು ಸಲ ತೆಗೆದು ಸಿಕ್ಕಿಸಿದಳು.

ಎದುರಿನ ಕಲ್ಲಿನ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳಿಗೂ ಒಬ್ಬ ನೀವೆಸ್ ಇದ್ದಳು, ಅಷ್ಟು ಗೊತ್ತು.